ಎರಡನೇ ರೌಂಡು

ತೇಯ್ದ ಗಂಧದ ವಾಸನೆ ಬಂದರೆ ಎಲ್ಲರಿಗೂ ದೇವರ ಮನೆ ನೆನಪಾಗುತ್ತದಂತೆ. ನನಗೆ ಒಣಹುಲ್ಲಿನ ಬಯಲು, ಪೆಟ್ರೋಲಿನ ಘಾಟು, ಒಂದು ಹಳೇ ವಿಮಾನ ನೆನಪಾಗುತ್ತವೆ. ಮೊನ್ನೆ ಹೊಳೆನರಸೀಪುರದ ದೇವಸ್ಥಾನದ ಮುಂದೆ ನನ್ನ ಮೈದುನನ ಮಗ ತಂದ ಹೊಸ ಕಾರಿಗೆ ಪೂಜೆ ನಡೆಯುತ್ತಿತ್ತು. ಅರ್ಚಕರು ಬಾನೆಟ್ಟಿಗೆ ಗಂಧ ಹಚ್ಚಿ, ಕುಂಕುಮ ಇಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಗಾಳಿಯಲ್ಲಿ ಗಂಧವೂ ಹೊಸ ಸೀಟಿನ ವಾಸನೆಯೂ ಬೆರೆತಿದ್ದವು. ನಾನು ನಾಲ್ಕು ಹೆಜ್ಜೆ ಮುಂದೆ ಹೋದೆನೋ ಇಲ್ಲವೋ, ನನ್ನ ಓರಗಿತ್ತಿ ಬಂದು ಮೆಲ್ಲಗೆ ಮೊಣಕೈ ಹಿಡಿದಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಮೊದ್ಲು ನಾವು ಒಂದು ಸುತ್ತು ಹಾಕ್ಕೊಂಡ್ ಬಂದ್ಬಿಡ್ತೀವಿ. ನೀವು ಎರಡನೇ ರೌಂಡಿಗೆ ಬನ್ನಿ."

ನಮ್ಮ ಯಜಮಾನರು ತೀರಿಕೊಂಡ ಮೇಲೆ ಇಂಥ ಮಾತು ನನಗೆ ಹೊಸದೇನಲ್ಲ. ಸಕ್ಕರೆ ಸವರಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಆದರೆ 'ಎರಡನೇ ರೌಂಡು' ಅನ್ನುವ ಮಾತನ್ನು ಈ ಅರ್ಥದಲ್ಲಿ ನಾನು ಕೇಳಿ ಬಹಳ ವರ್ಷವಾಗಿತ್ತು. ಆಗ ಅದನ್ನು ಹೇಳಿದ್ದು ನನಗಲ್ಲ, ನಮ್ಮ ಪಕ್ಕದ ಮನೆಯ ಟೀಚರಮ್ಮನಿಗೆ…

ಚನ್ನರಾಯಪಟ್ಟಣದಿಂದ ಮದುವೆಯಾಗಿ ನಾನು ಹೊಳೆನರಸೀಪುರಕ್ಕೆ ಬಂದಾಗ ಟೀಚರಮ್ಮ ನಿವೃತ್ತಿಯ ಅಂಚಿನಲ್ಲಿದ್ದರು. ತವರು ಅರಕಲಗೂಡು. ಮದುವೆಯ ಅರಿಸಿನ ಇನ್ನೂ ಆರಿರಲಿಲ್ಲ, ಗಂಡ ಹೋದರು. ಮಕ್ಕಳಿರಲಿಲ್ಲ. ಅಣ್ಣನ ಮನೆಯ ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುವುದನ್ನು ಬಿಟ್ಟು ಟ್ರೈನಿಂಗ್ ಮುಗಿಸಿ ಕೆಲಸ ಹಿಡಿದರು. ಹಣೆಗೆ ಸಣ್ಣದೊಂದು ಕಪ್ಪು ಬೊಟ್ಟು, ಕೈಗೆ ಗಡಿಯಾರ, ನಾಲಿಗೆಗೆ ಸಾಣೆ ಹಿಡಿದ ಹರಿತ. ನಾನು ಬಂದ ಹೊಸತರಲ್ಲಿ ನನ್ನ ಕಾಫಿ ಕುಡಿದು, "ಇದರಲ್ಲಿ ಕಾಫಿಪುಡಿ ಎಲ್ಲಿದೆ ಅಂತ ಭೂಪಟ ನೋಡಿ ಹುಡುಕ್ಬೇಕು ಕಣೇ" ಅಂದಿದ್ದರು. ಅವತ್ತೇ ನನಗೆ ಅವರು ಇಷ್ಟವಾಗಿಬಿಟ್ಟರು. ನಮ್ಮತ್ತೆಗೆ ಅದು ಇಷ್ಟವಾಗಲಿಲ್ಲ, ಆ ಮಾತು ಬೇರೆ.

ಶಾಲೆಯಲ್ಲಿ ಅವರು ಹೇಳುತ್ತಿದ್ದದ್ದು ಸಮಾಜ ಪಾಠ. ಅವರ ಒಂದು ವಿದ್ಯೆ ಊರಿಗೆಲ್ಲ ಗೊತ್ತಿತ್ತು. ಮಕ್ಕಳ ಕಡೆ ಮುಖ ಮಾಡಿ ನಿಂತು, ಬೋರ್ಡಿನ ಕಡೆ ತಿರುಗಿಯೂ ನೋಡದೆ, ಹಿಂದಕ್ಕೆ ಕೈ ಚಾಚಿ ಹೇಮಾವತಿ ನದಿಯನ್ನು ಬರೆಯುತ್ತಿದ್ದರು. ಹುಟ್ಟಿದ ಗುಡ್ಡದಿಂದ ಕಾವೇರಿ ಸೇರುವ ತನಕ ಒಂದೇ ಗೆರೆ. ನಮ್ಮೂರಿನ ಹತ್ತಿರ ಬಂದಾಗ ಸೀಮೆಸುಣ್ಣ ಒಂದು ಗಳಿಗೆ ನಿಲ್ಲಿಸಿ, "ಇಲ್ಲಿ ನೋಡ್ರೋ, ನಿಮ್ಮ ಮನೆ" ಅಂತ ಹೇಳಿ ಬಾಗಿಸಿ ಮುಂದಕ್ಕೆ ಎಳೆಯುತ್ತಿದ್ದರಂತೆ. ಭೂಪಟದಲ್ಲಿ ಲೋಕವೆಲ್ಲ ಸುತ್ತಿಸಿದ ಹೆಂಗಸು ಬಸ್ಸಿನಲ್ಲಿ ಮೈಸೂರು ದಾಟಿದ್ದು ಕಾಣೆ.

ನಿವೃತ್ತಿಯ ಮೇಲೆ ಒಂದು ಸಂಜೆ ಜಗಲಿಯಲ್ಲಿ ಕೂತು ಹುರುಳಿಕಾಯಿ ಬಿಡಿಸುವಾಗ ಅವರೇ ಹೇಳಿದರು. "ಪುಸ್ತಕದಲ್ಲಿರೋ ಗೆರೆ ನಂಬ್ಕೊಂಡು ಆಯುಸ್ಸೆಲ್ಲ ಪಾಠ ಮಾಡ್ದೆ. ಒಂದೇ ಒಂದ್ಸಲ ಮೇಲಿಂದ ನೋಡ್ಬೇಕು ಕಣೇ. ನಾನು ಬಾಗಿಸಿದ ಕಡೆ ಹೊಳೆ ನಿಜವಾಗ್ಲೂ ಬಾಗಿದೆಯೋ ಇಲ್ವೋ…" ನಾನು ನಕ್ಕೆ. ಅವರು ನಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಾಸನಕ್ಕೆ ವಿಮಾನ ಬರುತ್ತದೆ ಅಂತ ಸುದ್ದಿಯಾಯಿತು. ಹಾಸನಕ್ಕೆ ಏರ್‌ಪೋರ್ಟು ಬರುತ್ತೆ, ಬರುತ್ತೆ ಅಂತ ನಾವು ಲಂಗ ತೊಡುವ ಕಾಲದಿಂದ ಕೇಳುತ್ತಲೇ ಇದ್ದೆವು. ಹಾಗಾಗಿ ಯಾರೂ ನಂಬಲಿಲ್ಲ. ಆದರೆ ಇದು ಬೇರೆ. ಹಾಸನದ ದೊಡ್ಡ ಮನುಷ್ಯರದೊಂದು ಸಮಿತಿ ಏನೋ ಉತ್ಸವ ಮಾಡುತ್ತಿತ್ತು. ಯುದ್ಧದ ಕಾಲದ ಒಂದು ವಿಮಾನ, ಒಂದರ ಮೇಲೊಂದು ಎರಡು ರೆಕ್ಕೆ ಇರುವಂಥದ್ದು, ಅದನ್ನು ರಿಪೇರಿ ಮಾಡಿ ಹಾರಿಸುತ್ತಿದ್ದ ಗುಂಪೊಂದನ್ನು ಕರೆಸಿ, ಊರಾಚೆಯ ಬಯಲಿನಲ್ಲಿ ಜನರನ್ನು ಹತ್ತಿಸಿ ಸುತ್ತು ಹೊಡೆಸುವುದು ಅಂತ ತೀರ್ಮಾನವಾಗಿತ್ತು. ಒಂದು ಸಲಕ್ಕೆ ಒಬ್ಬರೇ. ಗುಂಡಿಯಂಥ ಮುಂದಿನ ಸೀಟಿನಲ್ಲಿ ಪ್ರಯಾಣಿಕರು, ಹಿಂದಿನದರಲ್ಲಿ ಪೈಲಟ್. ಮೇಲೆ ಚಾವಣಿ ಇಲ್ಲ.

ಆ ಪೈಲಟ್ ವಾಯುಪಡೆಯಿಂದ ನಿವೃತ್ತರಾದವರು. ನಮ್ಮೂರಿನಲ್ಲೇ ಚಿಕ್ಕಂದಿನಲ್ಲಿ ಟೀಚರಮ್ಮನ ಬೆಂಚಿನಲ್ಲಿ ಕೂತಿದ್ದವರು. ಸಮಿತಿಯವರಿಗೆ ಅವರು ಒಂದೇ ಕರಾರು ಹಾಕಿದ್ದರಂತೆ: ಮೊದಲನೇ ಸೀಟು ನಮ್ಮ ಮಿಸ್‌ಗೆ. ಟೀಚರಮ್ಮನಿಗೆ ಫೋನ್ ಬಂದದ್ದು ನಮ್ಮ ಮನೆಗೇ. "ಮಿಸ್, ಬೇರೆಯವ್ರಿಗೆಲ್ಲ ಬಯಲಿನ ಮೇಲೆ ಒಂದು ಸುತ್ತು ಅಷ್ಟೇ. ನಿಮ್ಮನ್ನ ನಮ್ಮೂರ ತನಕ ಕರ್ಕೊಂಡೋಗಿ ಹೊಳೆ ತೋರಿಸ್ಕೊಂಡ್ ಬತ್ತೀನಿ" ಅಂದರಂತೆ. ಫೋನ್ ಇಟ್ಟ ಟೀಚರಮ್ಮ ನನ್ನ ಕಡೆ ತಿರುಗಿ, "ಅಟ್ಟದ ಏಣಿ ಇದೆಯಲ್ಲ, ಅದನ್ನ ನಮ್ಮನೆಗೆ ತಗೊಂಡ್ ಬಾ" ಅಂದರು.

ಏಣಿ ಯಾಕೆ ಅಂದರೆ, ವಿಮಾನ ಹತ್ತಲು ರೆಕ್ಕೆಯ ಮೇಲೆ ಕಾಲಿಟ್ಟು ಬದಿಯ ಪುಟ್ಟ ಬಾಗಿಲಿಗೆ ಕಾಲೆತ್ತಬೇಕು ಅಂತ ಪೈಲಟ್ ಹೇಳಿದ್ದರು. ಸೀರೆಯುಟ್ಟು ಕಾಲೆತ್ತುವುದು ಹೇಗೆ? ನಿತ್ಯ ಬೆಳಗ್ಗೆ ಬಾಗಿಲು ಹಾಕಿಕೊಂಡು ಟೀಚರಮ್ಮ ಏಣಿ ಹತ್ತುವುದು, ನಾನು ಕೆಳಗೆ ಹಿಡಿದುಕೊಳ್ಳುವುದು. ನೆರಿಗೆಗೆ ಎಲ್ಲೆಲ್ಲಿ ಪಿನ್ನು ಹಾಕಿದರೆ ಮಾನವೂ ಉಳಿದು ಕಾಲೂ ಬರುತ್ತದೆ ಅಂತ ಇಬ್ಬರೂ ಸೇರಿ ಸಂಶೋಧನೆ ಮಾಡಿದೆವು. ಗಾಳಿಗೆ ಕಿವಿ ಹಿಡಿಯುತ್ತದೆ ಅಂತ ಒಂದು ಮಂಕಿ ಕ್ಯಾಪ್ ಕೊಂಡರು, ಕಂದು ಬಣ್ಣದ್ದು. ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತು, "ಥೂ, ರಾತ್ರಿ ಪಾಳಿ ವಾಚ್‌ಮನ್ ಇದ್ದಂಗಿದೀನಿ" ಅಂತ ನಕ್ಕರು. ಅಷ್ಟು ಬಾಯ್ತುಂಬ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ. ಮೊದಲ ಬಸ್ಸಿಗೇ ಹಾಸನಕ್ಕೆ ಹೋಗಿ ಅಲ್ಲಿಂದ ಆಟೋ ಹಿಡಿದೆವು. ಮಡಿಲಲ್ಲಿ ಪೈಲಟ್‌ಗೆ ಅಂತ ಮಾಡಿದ ಕೋಡುಬಳೆ ಡಬ್ಬಿ. ಬಯಲಿನಲ್ಲಿ ಶಾಮಿಯಾನ, ಮೈಕು, ಸಾಲು ಸಾಲು ಕಬ್ಬಿಣದ ಕುರ್ಚಿ. ದೂರದಲ್ಲಿ ಹಳದಿ ಬಣ್ಣದ ವಿಮಾನ. ಎಷ್ಟು ಚಿಕ್ಕದು ಅನ್ನಿಸಿತು ನನಗೆ. ರೆಕ್ಕೆಗೆ ತಗಡು ಕೂಡ ಇಲ್ಲ, ಬಿಗಿಯಾಗಿ ಎಳೆದು ಬಣ್ಣ ಬಳಿದ ಬಟ್ಟೆ. ಎರಡು ರೆಕ್ಕೆಗಳ ನಡುವೆ ಮರದ ಕಂಬಗಳು, ತಂತಿಗಳು. ಟೀಚರಮ್ಮ ಹತ್ತಿರ ಹೋಗಿ ಒಂದು ಬೆರಳಿನಿಂದ ರೆಕ್ಕೆಯನ್ನು ಮುಟ್ಟಿ, ತಕ್ಷಣ ಕೈ ತೆಗೆದರು. ಪೈಲಟ್ ಓಡಿ ಬಂದು ಕಾಲಿಗೆ ನಮಸ್ಕಾರ ಮಾಡಿದರು. ತಲೆ ನೆರೆತ ಗಂಡಸು, ಹೈಸ್ಕೂಲು ಹುಡುಗನ ಹಾಗೆ ಹಲ್ಲು ಬಿಡುತ್ತಿದ್ದರು. ವಿಮಾನವನ್ನೆಲ್ಲ ಪರೀಕ್ಷಿಸಿ, ಮುಚ್ಚಿದ್ದ ಕವರುಗಳನ್ನೆಲ್ಲ ತೆಗೆದು ತಯಾರು ಮಾಡಿದ್ದರು. ಅಷ್ಟರಲ್ಲಿ ಸಮಿತಿಯವರು ಬಂದು, "ಬನ್ನಿ ಸಾ, ಉಪ್ಪಿಟ್ಟು ಆರೋಯ್ತದೆ" ಅಂತ ಅವರನ್ನು ಶಾಮಿಯಾನದ ಕಡೆ ಎಳೆದುಕೊಂಡು ಹೋದರು.

ಅವರು ಆ ಕಡೆ ಹೋದರು, ಈ ಕಡೆ ಪೂಜೆ ಶುರುವಾಯಿತು.

ನಮ್ಮ ಕಡೆ ಚಕ್ರ ಇರುವುದು ಏನು ಬಂದರೂ ಪೂಜೆ ಇಲ್ಲದೆ ಅಲ್ಲಾಡುವ ಹಾಗಿಲ್ಲ. ಟ್ರ್ಯಾಕ್ಟರು, ಸ್ಕೂಟರು, ಔಷಧಿ ಹೊಡೆಯುವ ಪಂಪು, ಹಿಟ್ಟಿನ ಗಿರಣಿ, ಎಲ್ಲಕ್ಕೂ ಗಂಧ ಕುಂಕುಮ. ಬರಿ ಎದುರಿಗೆ ಹಚ್ಚಿದರೂ ಸಾಲದು. ಮುಂದಕ್ಕೆ ಏನೇನು ಚಾಚಿಕೊಂಡಿದೆಯೋ ಅದಕ್ಕೆಲ್ಲ ಒಂದೊಂದು ಬೊಟ್ಟು ಇಟ್ಟರೇ ತೃಪ್ತಿ. ಜೋಯಿಸರು ಬೆಳ್ಳಿ ಬಟ್ಟಲ ತುಂಬ ಗಂಧ ಅರಿಸಿನ ಕಲಸಿಕೊಂಡು ಬಂದು ಮೂತಿಯ ಫ್ಯಾನಿಗೆ, ಚಕ್ರಕ್ಕೆ, ಕಂಬಗಳಿಗೆಲ್ಲ ಧಾರಾಳವಾಗಿ ಹಚ್ಚಿದರು. ಎಡಗಡೆ ರೆಕ್ಕೆಗಳ ನಡುವಿನ ಕಂಬದಲ್ಲಿ ಮುಂದಕ್ಕೆ ಚಾಚಿದ ಪುಟ್ಟ ಕೊಳವೆ ಇತ್ತು. ಅದಕ್ಕೆ ಮಾತ್ರ ವಿಶೇಷ ಮರ್ಯಾದೆ ಸಿಕ್ಕಿತು. ಬೆರಳ ತುಂಬ ಗಂಧ ತೆಗೆದು ಬಾಯಿಗೇ ಮೆತ್ತಿ, ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಕುಂಬಳಕಾಯಿ ಒಡೆದರು. ನೋಡಲು ಲಕ್ಷಣವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಟೀಚರಮ್ಮ ಮಂಕಿ ಕ್ಯಾಪ್ ಹಾಕಿಕೊಂಡು, ನೆರಿಗೆಯ ಪಿನ್ನುಗಳನ್ನು ಇನ್ನೊಂದು ಸಲ ಮುಟ್ಟಿ ನೋಡಿಕೊಂಡು ಮುಂದೆ ಹೊರಟರು. ಜೋಯಿಸರು ಅವರ ಹಣೆ ನೋಡಿದರು. ಪಕ್ಕದಲ್ಲಿದ್ದ ಸಮಿತಿಯ ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಹೇಳಿದರು. ಕಾರ್ಯದರ್ಶಿ ಕೈ ಹೊಸೆಯುತ್ತಾ ಬಂದ.

"ಟೀಚರಮ್ಮ, ತೆಪ್ ತಿಳ್ಕಬ್ಯಾಡಿ. ಪೂಜೆ ಮಾಡಿದ್ ಗಾಡಿ, ಮೊದಲ್ನೇದು ಮುತ್ತೈದೆ ಓಗ್ಲಿ ಅಂತ ಜೋಯಿಸ್ರು ಏಳ್ತಾವ್ರೆ. ಅಧ್ಯಕ್ಷರ ಮನೆಯೋರು ಒಂದು ಸುತ್ತು ಓಗ್ಬುಟ್ ಬರ್ಲಿ. ನೀವು ಎರಡನೇ ರೌಂಡಿಗೆ ಬನ್ನಿ. ಆಕಾಶ ಎಲ್ಲಿಗೂ ಓಡೋಗಾಕಿಲ್ಲ."

ನನಗೆ ಮೈಯೆಲ್ಲ ಉರಿದು ಹೋಯಿತು. "ಯಾರ ಹಣೆ ಮೇಲೆ ಏನಿದೆ ಅಂತ ವಿಮಾನಕ್ಕೆ ಗೊತ್ತೇನ್ರೀ? ಈ ಸೀಟು ಅವರಿಗೆ ಅಂತ ಪೈಲಟ್ಟೇ ಹೇಳಿಲ್ವಾ?" ಅಂದೆ. ಇನ್ನೂ ಏನೇನೋ ಅನ್ನುವುದಿತ್ತು. ಟೀಚರಮ್ಮ ನನ್ನ ಕೈಯನ್ನು ಜೋರಾಗಿ ಚಿವುಟಿ, ಕಾರ್ಯದರ್ಶಿಗೆ ನಗುತ್ತಾ, "ಆಗ್ಲಪ್ಪ, ಎರಡನೇದಕ್ಕೇ ಬರ್ತೀನಿ" ಅಂದರು. ಅವನು ಹೋದ ಮೇಲೆ ನನ್ನನ್ನು ಗದರಿದರು. "ಜಗಳ ಆಡಿ ಅದನ್ನೂ ಕಳೀತೀಯೇನೇ? ಸುಮ್ನಿರು."

ಅಧ್ಯಕ್ಷರ ಹೆಂಡತಿ ಮಾತ್ರ ಹೋಗಲಾರೆ ಅಂತ ಅಳುತ್ತಿದ್ದರು. ಪಾಪ, ಶ್ರವಣಬೆಳಗೊಳದ ಬೆಟ್ಟವನ್ನೇ ಡೋಲಿಯಲ್ಲಿ ಕಣ್ಣು ಮುಚ್ಚಿಕೊಂಡು ಹತ್ತಿದ ಹೆಂಗಸು ಅಂತೆ. ಗಂಡ ಹಲ್ಲು ಕಚ್ಚಿಕೊಂಡು ಗದರಿದ ಮೇಲೆ, ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಎರಡೂ ಕೈಯಲ್ಲಿ ತಾಳಿ ಹಿಡಿದುಕೊಂಡು, ಇಬ್ಬರು ಎತ್ತಿ ಕೂರಿಸಿದರೆ ಕೂತರು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಉಪ್ಪಿಟ್ಟು ಮುಗಿಸಿ ಬಂದ ಪೈಲಟ್ ಸೀಟಿನಲ್ಲಿ ಯಾರಿದ್ದಾರೆ ಅಂತ ನೋಡಿ ತಬ್ಬಿಬ್ಬಾದರು. ಕಾರ್ಯದರ್ಶಿ ಅವರಿಗೆ ಏನೋ ಹೇಳಿದ. ಏನು ಅಂತ ನಮಗೆ ಕೇಳಿಸಲಿಲ್ಲ. ಪೈಲಟ್ ನಮ್ಮ ಕಡೆ ನೋಡಿ, ಪರವಾಗಿಲ್ಲ ಅನ್ನುವ ಹಾಗೆ ಕೈ ಬೀಸಿದರು. ಟೀಚರಮ್ಮನೂ ಕೈ ಬೀಸಿದರು.

ಒಬ್ಬ ಫ್ಯಾನನ್ನು ಕೈಯಲ್ಲೇ ತಿರುವಿದ. ಹೊಗೆ ಬಂತು, ಒಣಹುಲ್ಲೆಲ್ಲ ಮಲಗಿತು. ಆ ಹಳದಿ ವಿಮಾನ ಎಗರುತ್ತಾ ಓಡಿ, ನೋಡನೋಡುತ್ತಿದ್ದಂತೆ ನೆಲ ಬಿಟ್ಟಿತು. ಟೀಚರಮ್ಮನ ಬಾಯಿ ಸ್ವಲ್ಪ ತೆರೆದಿತ್ತು. ಗಂಧ, ಪೆಟ್ರೋಲು, ಎದ್ದ ಧೂಳು ಎಲ್ಲ ಸೇರಿದ ಆ ವಾಸನೆ… ಅವತ್ತಿನಿಂದ ಅದು ನನ್ನ ಮೂಗಿನಲ್ಲೇ ಕೂತಿದೆ.

ವಿಮಾನ ಬಯಲಿನ ಮೇಲೆ ಒಂದೇ ಸುತ್ತು ಹಾಕಿ ಇಳಿದುಬಿಟ್ಟಿತು. ಪೈಲಟ್ ಹಾರಿಕೊಂಡು ಇಳಿದವರೇ ಎಡಗಡೆಯ ಕೊಳವೆಯ ಹತ್ತಿರ ಹೋದರು. ತಿರುಗಿದಾಗ ಅವರ ಬೆರಳ ತುದಿಯಲ್ಲಿ ಹಳದಿ ಮುದ್ದೆ, ಅದರಲ್ಲೊಂದು ಅಕ್ಕಿಕಾಳು. ಗಾಳಿ ಈ ಕೊಳವೆಯೊಳಗೆ ಹೊಕ್ಕರೆ ತಾನೆ ವಿಮಾನ ಎಷ್ಟು ವೇಗದಲ್ಲಿ ಹೋಗುತ್ತಿದೆ ಅಂತ ಮುಳ್ಳು ತೋರಿಸುವುದು? ಮೇಲೆ ಹೋದರೂ ಮುಳ್ಳು ಸೊನ್ನೆ ಬಿಟ್ಟು ಎದ್ದೇ ಇರಲಿಲ್ಲವಂತೆ.

"ಇದಕ್ಕೆ ಯಾರ್ರೀ ತುಂಬಿದ್ದು?" ಅಂತ ಅವರು ಕೂಗಿದರು.

"ಪೂಜೆ ಅಂದ್ಮೇಲೆ ಎಲ್ಲ ಕಡೆನೂ ಹಚ್ಚಬೇಕಲ್ಲ ಸಾರ್. ಅದು ಅದರ ಮೂಗಿದ್ದ ಹಾಗಿತ್ತು" ಅಂದರು ಜೋಯಿಸರು, ಒಂದಿಷ್ಟೂ ಅಳುಕಿಲ್ಲದೆ.

ಗಂಧ ಒಳಗೆ ಹೋಗಿ ಕೂತಿತ್ತು. ಕೊಳವೆ ಬಿಚ್ಚಿ ತೊಳೆದು ಒಣಗಿಸದೆ ಯಾರನ್ನೂ ಹತ್ತಿಸುವ ಹಾಗಿಲ್ಲ, ಅದು ಅವತ್ತೇ ಮುಗಿಯುವ ಕೆಲಸವಲ್ಲ, ಹಾರಿಸಲು ಅನುಮತಿ ಇದ್ದದ್ದು ಅದೊಂದು ದಿನಕ್ಕೆ. ಅಲ್ಲಿಗೆ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಬಾಯಿಯ ಹತ್ತಿರ ತಂದು ಕಿತ್ತುಕೊಂಡರು.

ಟೀಚರಮ್ಮ ಅಳಲಿಲ್ಲ. ಕುರ್ಚಿಯಲ್ಲಿ ಒರಗಿ ಸೋಡಾ ಕುಡಿಯುತ್ತಿದ್ದ ಅಧ್ಯಕ್ಷರ ಹೆಂಡತಿಯ ಹತ್ತಿರ ಹೋಗಿ ಪಕ್ಕದಲ್ಲಿ ಕುಕ್ಕರಿಸಿದರು. "ಏನು ಕಾಣಿಸ್ತಮ್ಮ? ದೂರದಲ್ಲಿ ಎಲ್ಲಾದ್ರೂ ಹೊಳೆ ಕಾಣಿಸ್ತಾ?" ಅಂತ ಕೇಳಿದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಬರೀ ಆಸೆ ಇತ್ತು.

"ನಾನ್ ಕಣ್ಣೇ ಬಿಡ್ಲಿಲ್ಲ ಕಣ್ರೀ ಟೀಚರಮ್ಮ" ಅಂದರು ಆಕೆ. "ಮುಚ್ಕೊಂಡೇ ಇದ್ದೆ, ಇಳಿಯೋಗಂಟ."

ಟೀಚರಮ್ಮ ಎದ್ದು, ಕ್ಯಾಪ್ ತೆಗೆದು ಮಡಿಸಿ, ಕೋಡುಬಳೆ ಡಬ್ಬಿಯನ್ನು ಪೈಲಟ್‌ಗೆ ಕೊಟ್ಟರು. ಅವರು ಎಣ್ಣೆ ಮೆತ್ತಿದ ಕೈಯಲ್ಲೇ ತೆಗೆದುಕೊಂಡು, "ಮಿಸ್, ಇನ್ನೊಂದ್ಸಲ ತಂದೇ ತರ್ತೀನಿ" ಅಂದರು.

ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆದರೆ ಗಂಧದ ಸುದ್ದಿಯಲ್ಲ. ವಿಮಾನ ಏಳುವ ಹೊತ್ತಿಗೆ ಟೀಚರಮ್ಮ ಎದುರಿಗೇ ನಿಂತಿದ್ದರಂತೆ, ಅದಕ್ಕೇ ಕೆಟ್ಟಿತಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲದ ಮೇಲೂ ಹಾಕಲಿಲ್ಲ, ಒಬ್ಬ ಒಂಟಿ ಹೆಂಗಸಿನ ಹಣೆಯ ಮೇಲೆ ಹಾಕಿದರು. ಅವರ ಕೈಯಲ್ಲಿ ಭೂಪಟ ಓದಲು ಕಲಿತ ಜನವೇ ಆಮೇಲೆ ಸ್ಕೂಟರ್ ಹೊರಗೆ ತೆಗೆಯುವಾಗ ಅವರ ಬಾಗಿಲ ಕಡೆ ಕಳ್ಳನೋಟ ನೋಡುತ್ತಿದ್ದರು. ನಮ್ಮತ್ತೆಯೂ ನೋಡಿದರು. ಅವತ್ತು ನಾನು ನಮ್ಮತ್ತೆಯ ಜೊತೆ ಆಡಿದ ಜಗಳಕ್ಕೆ ಬೀದಿಯೆಲ್ಲ ಸೇರಿತ್ತು. ಅದರ ಬಗ್ಗೆ ನನಗೆ ಇವತ್ತಿಗೂ ಒಂದು ಚೂರೂ ಪಶ್ಚಾತ್ತಾಪ ಇಲ್ಲ.

ಒಂದೆರಡು ವರ್ಷ ಕಳೆದಿರಬೇಕು. ಯಾರದೋ ಮದುವೆಗೆ ಊರಿಗೆ ಬಂದ ಪೈಲಟ್ ಟೀಚರಮ್ಮನನ್ನು ನೋಡಲು ಬಂದರು. ನಾನು ಕಾಫಿ ತಂದುಕೊಟ್ಟು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಮಾತಿನ ನಡುವೆ ಅವರು ನಕ್ಕು ಅಂದರು: "ಅವತ್ತು ಕೊನೇ ಗಳಿಗೇಲಿ ಹೆದರ್ಕೊಂಡ್ಬಿಟ್ರಲ್ಲ ಮಿಸ್! ಟೀಚರಮ್ಮಂಗೆ ಭಯ ಆಗೈತೆ, ಆಮೇಲೆ ಬತ್ತಾರೆ ಅಂತ ಸೆಕ್ರೆಟರಿ ಅಂದಾಗ ನಂಗೆ ನಂಬೋಕೇ ಆಗ್ಲಿಲ್ಲ. ನಮ್ಮ ಮಿಸ್‌ಗೆ ಭಯವಾ ಅಂತ."

ನಿಜ ಹೇಳಿಬಿಡಲು ನಾನು ಕಂಬ ಬಿಟ್ಟು ಮುಂದೆ ಬಂದೆ. ಬಾಯಿ ತೆರೆದೆ. ಟೀಚರಮ್ಮ ನನ್ನ ಕಡೆ ಒಂದು ನೋಟ ಬೀರಿದರು, ಗಲಾಟೆ ಮಾಡುವ ಕ್ಲಾಸನ್ನು ಒಂದೇ ಸಲಕ್ಕೆ ಕೂರಿಸುವ ನೋಟ. ಆಮೇಲೆ ಅವರ ಕಡೆ ತಿರುಗಿ, "ಹೂಂ ಕಣಪ್ಪ, ವಯಸ್ಸಾಯ್ತಲ್ಲ. ಸ್ವಲ್ಪ ಹೆದ್ರಿಕೆ ಆಯ್ತು" ಅಂದರು.

ಅವರು ಹೋದ ಮೇಲೆ ನಾನು ಕಿರುಚಿಕೊಂಡೆ. ಆ ಸುಳ್ಳನ್ನು ಯಾಕೆ ಒಪ್ಪಿಕೊಂಡಿರಿ, ನಿಜ ಹೇಳಲು ಏನು ಬಂದಿತ್ತು ಅಂತ. ಟೀಚರಮ್ಮ ಲೋಟ ತೊಳೆಯುತ್ತಾ, ನನ್ನ ಮುಖ ನೋಡದೆ ಹೇಳಿದರು.

"ನಿಜ ಹೇಳಿದ್ರೆ ಅವನಿಗೆ ಈ ಊರೋರ ಮೇಲೆ ಸಿಟ್ಟು ಬರುತ್ತೆ. ಸಿಟ್ಟು ಬಂದ್ರೆ ಇನ್ನೊಂದ್ಸಲ ವಿಮಾನ ತರ್ತಾನೇನೇ?"

ಅವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು ಅಂತ ನಾನು ಅಂದುಕೊಂಡಿದ್ದೆ. ಕ್ಷಮೆಯೂ ಅಲ್ಲ, ಮಣ್ಣೂ ಅಲ್ಲ. ಇನ್ನೂ ಕಾಯುತ್ತಿದ್ದರು, ಅಷ್ಟೇ.

ಪ್ರತಿ ವರ್ಷ ಸಂಕ್ರಾಂತಿ ಹತ್ತಿರ ಬಂದಾಗ ಆ ಮಂಕಿ ಕ್ಯಾಪನ್ನು ಬಿಸಿಲಿಗೆ ಹಾಕುತ್ತಿದ್ದರು. ಮಂಡಿ ನೋವು ಬಂದ ಮೇಲೂ ಒಂದೊಂದು ಬೆಳಗ್ಗೆ ನನ್ನನ್ನು ಕರೆದು ಏಣಿ ಹಿಡಿಸುತ್ತಿದ್ದರು. ಮೊದಲು ನಾಲ್ಕು ಮೆಟ್ಟಿಲು ಹತ್ತುತ್ತಿದ್ದವರು ಎರಡಕ್ಕೆ ಇಳಿದರು, ಆಮೇಲೆ ಏಣಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು… ಆ ವಿಮಾನ ಮತ್ತೆ ಬರಲಿಲ್ಲ. ಬಿಡಿಭಾಗ ಸಿಗದೆ ಎಲ್ಲೋ ಶೆಡ್ಡಿನಲ್ಲಿ ನಿಂತಿದೆ ಅಂತ ಆಮೇಲೆ ಕೇಳಿದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ, ಒಂದು ಮಳೆಗಾಲದಲ್ಲಿ, ಟೀಚರಮ್ಮ ಹೋದರು. ಅರಕಲಗೂಡಿನಿಂದ ಬಂದ ಅವರ ಅಣ್ಣನ ಮಕ್ಕಳು ಮನೆ ಖಾಲಿ ಮಾಡಿದರು. ಆ ಚಳಿಗಾಲದಲ್ಲಿ ನಮ್ಮ ಹಾಲಿನವನ ತಲೆಯ ಮೇಲೆ ಕಂದು ಬಣ್ಣದ ಮಂಕಿ ಕ್ಯಾಪ್ ನೋಡಿದೆ. ಅವನದೇನೂ ತಪ್ಪಿಲ್ಲ, ಯಾರೋ ಕೊಟ್ಟರು, ಹಾಕಿಕೊಂಡ. ಆದರೂ ಆ ತಿಂಗಳು ಪೂರ್ತಿ ಹಾಲು ತೆಗೆದುಕೊಳ್ಳಲು ನಾನು ಬಾಗಿಲಿಗೆ ಹೋಗಲಿಲ್ಲ.

ಪೈಲಟ್‌ಗೆ ಫೋನ್ ಮಾಡಿ ಸಾವಿನ ಸುದ್ದಿ ತಿಳಿಸಿದವಳು ನಾನೇ. ಜೊತೆಗೆ ನಿಜವನ್ನೂ ಹೇಳಿದೆ. ಇನ್ನು ಯಾರಿಗೆ ಕಾಯುವುದಿತ್ತು? ಅವರು, "ನಾನೇ ಹತ್ತಿರ ಬಂದು ಮಿಸ್ಸನ್ನ ಒಂದು ಮಾತು ಕೇಳ್ಬೋದಿತ್ತು" ಅಂದು ಫೋನ್ ಇಟ್ಟರು.

ಮೊನ್ನೆ ದೇವಸ್ಥಾನದ ಮುಂದೆ ನಿಂತವಳಿಗೆ ಇದೆಲ್ಲ ಒಟ್ಟಿಗೇ ಬಂತು. ಕಾರು ನಿಂಬೆಹಣ್ಣುಗಳನ್ನು ಚಪ್ಪಟೆ ಮಾಡಿ ಹೊರಟು, ಬೀದಿ ಸುತ್ತಿ ವಾಪಸ್ಸು ಬಂದು ನನ್ನೆದುರು ನಿಂತಿತು. ಓರಗಿತ್ತಿ ಇಳಿದಳು. ಹುಡುಗ ಒಳಗಿನಿಂದಲೇ ಬಗ್ಗಿ ಬಾಗಿಲು ತೆರೆದ.

"ಬನ್ನಿ ದೊಡ್ಡಮ್ಮ, ಈಗ ನಿಮ್ಮ ರೌಂಡು. ಹೆದರ್ಬೇಡಿ, ನಿಧಾನಕ್ಕೇ ಓಡಿಸ್ತೀನಿ."

"ನಂಗೆ ಯಾವ ಹೆದರಿಕೆನೂ ಇಲ್ಲ ಕಣೋ" ಅಂದೆ. "ಹೆದರಿದ್ದು ನಿಮ್ಮಮ್ಮ. ಅವಳನ್ನ ಕೇಳು."

ಓರಗಿತ್ತಿಯ ಮುಖ ನೋಡಲು ನಾನು ನಿಲ್ಲಲಿಲ್ಲ. ಬಿರಬಿರನೆ ನಡೆದು ಹೇಮಾವತಿಯ ಸೇತುವೆಯ ಮೇಲೆ ಬಂದು ನಿಂತೆ. ಮೂಗಿನಲ್ಲಿ ಗಂಧದ ವಾಸನೆ ಇನ್ನೂ ಕೂತಿತ್ತು. ಕೆಳಗೆ ಹೊಳೆ ಹರಿಯುತ್ತಿತ್ತು. ಎಷ್ಟು ಬಗ್ಗಿದರೂ ಒಂದು ತುಂಡು ನೀರು, ಎರಡು ಕಡೆ ದಡ, ಅಷ್ಟೇ ಕಾಣುತ್ತದೆ. ಟೀಚರಮ್ಮ ಬಾಗಿಸಿದ ಕಡೆ ಹೊಳೆ ಬಾಗಿದೆಯೋ ಇಲ್ಲವೋ ಇಲ್ಲಿಂದ ಗೊತ್ತಾಗುವುದಿಲ್ಲ. ಅದನ್ನು ನೋಡಬೇಕೆಂದು ಆಸೆಪಟ್ಟವರು ಈ ಊರಿನಲ್ಲಿ ಅವರೊಬ್ಬರೇ ಇದ್ದದ್ದು.